ಪ್ಲೈವುಡ್ ಗಸೆಟ್‌ಗೆ ಮೊಳೆ ಹೊಡೆಯೋ ಮುಂಚೆ ಸ್ಟ್ರೆಂತ್ ನಂಬರ್ ಹುಡುಕೋದು ಹೇಗೆ

ಅಮೆರಿಕದಲ್ಲಿ ಮನೆ ಹಿಂದೆ ಶೆಡ್ ಕಟ್ತೀನಿ, ಟ್ರಸ್ಸೂ (ಛಾವಣಿ ಹೊರೋ ಮರದ ತ್ರಿಕೋನ ಚೌಕಟ್ಟು, ಅದರ ಜೋಡಣೆ ಮೇಲೆ ಮೊಳೆ ಹೊಡೆದು ಕೂರಿಸೋ ಪ್ಲೈವುಡ್ ತುಂಡೇ ಗಸೆಟ್) ನಾನೇ ಮಾಡ್ಕೋತೀನಿ ಅಂತ ಹೊರಟವರು ಮೊದಲು ಕೇಳೋದೇ "ಅರ್ಧ ಇಂಚು ಪ್ಲೈವುಡ್ ಸ್ಟ್ರೆಂತ್ ಎಷ್ಟು" ಅಂತ. ಹಾಗೆ ಕೇಳಿದ್ರೆ ಉತ್ತರ ಸಿಗಲ್ಲ, ಯಾಕಂದ್ರೆ ಮೊಳೆ ಪ್ಲೈವುಡ್ಡನ್ನ ಜಜ್ಜಿ ತೂತು ಅಗಲ ಮಾಡ್ಕೊಳ್ಳೋದೇ ಬೇರೆ, ಪ್ಲೈವುಡ್ ತುಂಡೇ ಹರಿದುಹೋಗೋದು ಬೇರೆ, ಎರಡಕ್ಕೂ ನಂಬರ್ ಬೇರೆ, ಸಿಗೋ ಜಾಗನೂ ಬೇರೆ.

ಮೊದಲು ಶೀಟ್ ತಿರುಗಿಸಿ ಹಿಂದಿನ ಎಪಿಎ (ಅಮೆರಿಕದ ಪ್ಲೈವುಡ್ ತಯಾರಕರ ಸಂಘ) ಸೀಲ್ ಓದಿ. 32/16 ಅಂತಿದ್ರೆ ಅದು ಸ್ಟ್ರೆಂತ್ ಅಲ್ಲ, ರೂಫ್‌ಗೆ 32 ಇಂಚಿಗೊಂದು, ಫ್ಲೋರ್‌ಗೆ 16 ಇಂಚಿಗೊಂದು ಸಪೋರ್ಟ್ ಇರ್ಬೇಕು ಅಂತ ಅಷ್ಟೇ. ನಮಗೆ ಬೇಕಾಗಿರೋದು "ಸ್ಟ್ರಕ್ಚರಲ್ 1" ಅಂತ ಬರೆದಿದೆಯಾ ಇಲ್ವಾ ಅನ್ನೋದು. ಸೀಲೇ ಇಲ್ಲದ ಕ್ಯಾಬಿನೆಟ್ ಪ್ಲೈವುಡ್ ಆದ್ರೆ ಕಪಾಟಿಗೇ ಇರ್ಲಿ ಬಿಡಿ.

ಆಮೇಲೆ ಅಮೆರಿಕನ್ ವುಡ್ ಕೌನ್ಸಿಲ್‌ನ ಎನ್‌ಡಿಎಸ್ (ಮರದ ಕಟ್ಟಡ ಡಿಸೈನ್ ಮಾಡೋ ನಿಯಮಗಳ ಪುಸ್ತಕ) ತೆಗೀರಿ, ಅವರ ಸೈಟಲ್ಲೇ ಫ್ರೀಯಾಗಿ ಓದಬಹುದು. 2015ರಿಂದೀಚಿನ ಎಡಿಷನ್ ಆದ್ರೆ ಟೇಬಲ್ 12.3.3ಬಿ, 2012ರದ್ದಾದ್ರೆ 11.3.3ಬಿ, ಅಧ್ಯಾಯದ ನಂಬರ್ ಬದಲಾಗಿದೆ, ಇಲ್ಲೇ ಎಷ್ಟೋ ಜನ ತಡಕಾಡ್ತಾರೆ. ಡೋವೆಲ್ ಬೇರಿಂಗ್ ಸ್ಟ್ರೆಂತ್ (ಮೊಳೆ ಒತ್ತಿದಾಗ ಜಜ್ಜಿಹೋಗದೆ ತಡೆಯೋ ಶಕ್ತಿ) ಅಂತ ಇರತ್ತೆ, ಸ್ಟ್ರಕ್ಚರಲ್ 1 ಮತ್ತೆ ಮರೀನ್ ಗ್ರೇಡ್‌ಗೆ 4650 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅಂತ), ಬೇರೆ ಗ್ರೇಡ್‌ಗೆಲ್ಲ 3350. ಈ ನಂಬರ್ ಬಂದಿದ್ದು ಮರದ ಸ್ಪೆಸಿಫಿಕ್ ಗ್ರಾವಿಟಿಯಿಂದ (ನೀರಿಗೆ ಹೋಲಿಸಿದ ಸಾಂದ್ರತೆ), ಮೊದಲನೇದಕ್ಕೆ 0.50, ಎರಡನೇದಕ್ಕೆ 0.42. ಸೀಲ್ ಬಗ್ಗೆ ಡೌಟಿದ್ರೆ 3350 ತಗೊಳ್ಳಿ. ಕಾಲು ಇಂಚಿಗಿಂತ ದಪ್ಪ ಬೋಲ್ಟ್ ಹಾಕ್ತೀರಾದ್ರೆ ಈ ನಂಬರ್ ಅಲ್ಲಿಗೆ ಎಳ್ಕೊಂಡು ಹೋಗ್ಬೇಡಿ.

ಇದೊಂದೇ ಸಾಲಲ್ಲ, ಗಸೆಟ್ ಕೆಳಗಿರೋ ಮರದ ಸ್ಪೆಸಿಫಿಕ್ ಗ್ರಾವಿಟಿನೂ ಬೇಕು. ಡಗ್ಲಸ್ ಫರ್-ಲಾರ್ಚ್ 0.50, ಅಂಗಡೀಲಿ ಅಗ್ಗಕ್ಕೆ ಸಿಗೋ ಸ್ಪ್ರೂಸ್-ಪೈನ್-ಫರ್ 0.42. ಇನ್ನು ಮೊಳೆ, 8ಡಿ (ಅಮೆರಿಕದಲ್ಲಿ ಮೊಳೆ ಉದ್ದ ಹೇಳೋ ಸೈಜ್ ಹೆಸರು) ಅಂದ್ಕೊಂಡು ಸುಮ್ನೆ ತರ್ಬೇಡಿ, ಕಾಮನ್ 8ಡಿ 0.131 ಇಂಚು ದಪ್ಪ, ಬಾಕ್ಸ್ 8ಡಿ 0.113 ಇಂಚು, ಹೆಸರು ಒಂದೇ ಆದ್ರೂ ತಡೆಯೋ ಲೋಡ್ ಬೇರೆ. ಲೆಕ್ಕ ಬೇಜಾರು ಅಂದ್ರೆ ಅದೇ ಅಧ್ಯಾಯದ ಕೊನೇಲಿ ಪ್ಲೈವುಡ್ ಸೈಡ್ ಮೆಂಬರ್‌ಗೆ (ಇಲ್ಲಿ ನಮ್ಮ ಗಸೆಟ್) ಅಂತಾನೇ ಒಂದೊಂದು ಮೊಳೆ ಎಷ್ಟು ಪೌಂಡ್ ತಡೆಯತ್ತೆ ಅನ್ನೋ ರೆಡಿ ಟೇಬಲ್ ಇದೆ. ಅದನ್ನ ಹಾಗೇ ತಗೊಳ್ಳೋ ಹಾಗಿಲ್ಲ, ಗಾಳಿ ಲೋಡ್‌ಗೆ 1.6, ಸ್ನೋಗೆ 1.15, ಬರೀ ಡೆಡ್ ಲೋಡ್‌ಗೆ (ಕಟ್ಟಡದ ಸ್ವಂತ ಭಾರ) 0.9 ಇಂದ ಗುಣಿಸ್ಬೇಕು, ಮರ ಯಾವಾಗ್ಲೂ ಒದ್ದೆ ಇರೋ ಜಾಗ ಆದ್ರೆ ಇನ್ನೂ 0.7.

ಪ್ಲೈವುಡ್ ತುಂಡು ಹರಿಯೋ ಲೆಕ್ಕ ಎನ್‌ಡಿಎಸ್‌ನ ಆ ಟೇಬಲ್ಲಲ್ಲಿ ಸಿಗಲ್ಲ, ಎಪಿಎದವರ ಪ್ಯಾನಲ್ ಡಿಸೈನ್ ಸ್ಪೆಸಿಫಿಕೇಶನ್ ನೋಡಿ. ಅಲ್ಲಿ ಪಿಎಸ್‌ಐ ಇರಲ್ಲ, ಒಂದು ಅಡಿ ಅಗಲಕ್ಕೆ ಇಷ್ಟು ಪೌಂಡ್ ಅಂತಿರತ್ತೆ, 32/16 ಅನ್ನೋ ನಂಬರ್ ಕೆಲಸಕ್ಕೆ ಬರೋದು ಇಲ್ಲೇ. 3 ಪ್ಲೈ, 5 ಪ್ಲೈ ಕಾಲಂ ಬೇರೆ, ಮೇಲ್ಪದರದ ಎಳೆ ಉದ್ದಕ್ಕೂ ಅಡ್ಡಕ್ಕೂ ತುಂಬಾ ವ್ಯತ್ಯಾಸ, ಹಾಗಾಗಿ ಗಸೆಟ್ ಕತ್ತರಿಸುವಾಗ ಎಳೆತ ಯಾವ ಕಡೆ ಇದೆಯೋ ಎಳೆ ಆ ಕಡೆ ಬರೋ ಹಾಗೆ ಗುರುತು ಹಾಕ್ಕೊಳ್ಳಿ.

ಅಂದಹಾಗೆ ಊರಲ್ಲಿ, ಅಂದ್ರೆ ಭಾರತದಲ್ಲಿ, ಸಿಗೋ ಐಎಸ್ (ಭಾರತೀಯ ಮಾನಕ) 710 ಮರೀನ್ ಪ್ಲೈವುಡ್‌ಗೆ ಈ ನಂಬರ್ ಹಾಕ್ಬೇಡಿ, ಸ್ಟ್ರಕ್ಚರಲ್ ಕೆಲಸಕ್ಕೆ ಅಂತಾನೇ ಐಎಸ್ 10701 ಬೇರೆ ಇದೆ, ಮೊಳೆ ಜಾಯಿಂಟ್‌ಗೆ ಐಎಸ್ 2366.