ಸೈಟ್‌ಸೀಯಿಂಗ್ ಪಾಸ್ ಕೊಳ್ಳೋ ಮುಂಚೆ ಇದೊಂದು ನೋಡ್ಕೊಳ್ಳಿ

ಒಂದೇ ಟಿಕೆಟ್ಟಲ್ಲಿ ಊರಿನ ಹಲವು ಜಾಗ ನೋಡೋಕೆ ಬಿಡುವ ಈ ಪಾಸ್ ಗಂಟೆ ಲೆಕ್ಕದ್ದೋ ದಿನದ ಲೆಕ್ಕದ್ದೋ ಅಂತ ಮೊದಲು ನೋಡಿ. ಗಂಟೆ ಲೆಕ್ಕದ್ದಾದರೆ ಮಧ್ಯಾಹ್ನ ಶುರು ಮಾಡಿ, ದಿನದ ಲೆಕ್ಕದ್ದಾದರೆ ಬೆಳಗ್ಗೆ ಬಾಗಿಲು ತೆರೆಯೋ ಹೊತ್ತಿಗೇ ಹೋಗಿ. ಗಡಿಯಾರ ಓಡೋಕೆ ಶುರುವಾಗೋದು ಪಾಸ್ ಕೊಂಡಾಗ ಅಲ್ಲ, ಮೊದಲ ಗೇಟಲ್ಲಿ ಸ್ಕ್ಯಾನ್ ಮಾಡಿದಾಗ. ಪ್ಯಾರಿಸ್ ಮ್ಯೂಸಿಯಂ ಪಾಸನ್ನೇ ತಗೊಳ್ಳಿ: 48 ಗಂಟೆಯದನ್ನು ಬುಧವಾರ ಮಧ್ಯಾಹ್ನ 2ಕ್ಕೆ ಅಲ್ಲಿನ ಮ್ಯೂಸಿಯಂ ಆದ ಲೂವ್ರ್‌ನಲ್ಲಿ ಶುರು ಮಾಡಿದರೆ ಶುಕ್ರವಾರ ಮಧ್ಯಾಹ್ನದ ತನಕ ನಡೆಯುತ್ತೆ. ಎರಡು ದಿನದ ದುಡ್ಡಿಗೆ ಮೂರು ದಿನ ಸುತ್ತಬಹುದು, ಅದೂ ಬುಧವಾರ ಲೂವ್ರ್ ರಾತ್ರಿ 9ರವರೆಗೆ ತೆರೆದಿರುತ್ತೆ. ಲಂಡನ್ ಪಾಸ್ ಹಾಗಲ್ಲ, ಅದು ದಿನದ ಲೆಕ್ಕದ್ದು, ಸಂಜೆ 4ಕ್ಕೆ ಸ್ಕ್ಯಾನ್ ಮಾಡಿದರೂ ಒಂದು ಪೂರ್ತಿ ದಿನ ಕಳೆದ ಹಾಗೇ.

ಪಾಸ್ ಇದ್ದರೂ ಲೂವ್ರ್‌ಗೆ ಸಮಯ ಮೊದಲೇ ಕಾಯ್ದಿರಿಸಬೇಕು. ಬೇಕಾದ ಹೊತ್ತು ಸಿಗದೇ ಹೋದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತೆ, ಹಾಗಾಗಿ ಸ್ಲಾಟ್ ಖಾಲಿ ಇದೆಯಾ ನೋಡಿಕೊಂಡೇ ಪಾಸಿಗೆ ದುಡ್ಡು ಕಟ್ಟಿ. ವಾರದ ರಜೆಯೂ ಅಡ್ಡ ಬರುತ್ತೆ: ಲೂವ್ರ್ ಮಂಗಳವಾರ ಮುಚ್ಚಿರುತ್ತೆ, ಓರ್ಸೆ ಮ್ಯೂಸಿಯಂ ಸೋಮವಾರ. ಐಫೆಲ್ ಟವರ್ ಪ್ಯಾರಿಸ್ ಪಾಸಿನಲ್ಲಿ ಇಲ್ಲವೇ ಇಲ್ಲ. ಮಕ್ಕಳಿಗೆ ಪಾಸ್ ಕೊಳ್ಳೋದು ಬಹುತೇಕ ದಂಡ, ಲೂವ್ರ್, ಓರ್ಸೆ ಎರಡರಲ್ಲೂ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಲಂಡನ್ನಿನಲ್ಲಂತೂ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ದೊಡ್ಡವರಿಗೂ ಉಚಿತ, ಅವನ್ನು ಪಾಸ್ ಮುಗಿದ ಮಾರನೇ ದಿನಕ್ಕೆ ಇಟ್ಟುಕೊಳ್ಳಿ.