ದುಬೈ ಬೇಸಿಗೇಲಿ ಮಕ್ಕಳನ್ನ ಮಾಲ್‌ಗೆ ಕರ್ಕೊಂಡು ಹೋಗೋದು ಹೇಗೆ, ಪರ್ಸೂ ತಲೇನೂ ಎರಡೂ ಉಳಿಸ್ಕೊಂಡು

ಜೂನ್ ಬಂತು ಅಂದ್ರೆ ದುಬೈಲಿ ಪಾರ್ಕುಗಳ ಕಥೆ ಮುಗೀತು. ಬೆಳಗ್ಗೆ ಒಂಬತ್ತಕ್ಕೇ ಜಾರುಬಂಡೆ ಮುಟ್ಟೋಕಾಗಲ್ಲ, ಮಧ್ಯಾಹ್ನ 45 ಡಿಗ್ರಿ, ಜುಲೈ-ಆಗಸ್ಟಲ್ಲಿ ಸ್ಕೂಲಿಗೆ ರಜ, ಊರಿಗೆ ಹೋಗೋಣ ಅಂದ್ರೆ ಫ್ಲೈಟ್ ರೇಟ್ ನೋಡೇ ತಲೆ ತಿರುಗತ್ತೆ. ಉಳಿದಿದ್ದು ಮಾಲ್ ಒಂದೇ. ಹಂಗಾಗಿ ಮೊದ್ಲನೇ ಮಾತು, ಮಾಲನ್ನ ಎಸಿ ಹಾಕಿರೋ ಪಾರ್ಕ್ ಅನ್ಕೊಂಡು ಹೋಗಿ, ಸಾಮಾನಿನ ಲಿಸ್ಟ್ ಮನೇಲೇ ಬಿಟ್ಬಿಡಿ. ಮಕ್ಕಳನ್ನೂ ಸುತ್ತಾಡಿಸ್ತೀನಿ, ಶಾಪಿಂಗೂ ಮುಗಿಸ್ತೀನಿ ಅಂದ್ರೆ ಎರಡೂ ಕೆಡತ್ತೆ, ಜೊತೆಗೆ ಗಂಡ-ಹೆಂಡ್ತಿ ಜಗಳ ಫ್ರೀ.

ಯಾವ ಮಾಲ್ ಅನ್ನೋದು ಮಕ್ಕಳ ವಯಸ್ಸಿನ ಮೇಲೆ. ಎಲ್ರೂ ದುಬೈ ಮಾಲ್ ಅಂತಾರೆ, ನಾನಂತೂ ಐದು ವರ್ಷದೊಳಗಿನ ಮಕ್ಕಳಿದ್ರೆ ಇಬ್ನ್ ಬತೂತ ಮಾಲ್ ಅಂತೀನಿ. ಹೆಚ್ಚುಕಮ್ಮಿ ಎಲ್ಲಾ ಒಂದೇ ಮಟ್ಟದಲ್ಲಿದೆ, ಸ್ಟ್ರೋಲರ್ ಹಿಡ್ಕೊಂಡು ಲಿಫ್ಟ್ ಮುಂದೆ ಕಾಯೋ ಪಾಡಿಲ್ಲ, ರೆಡ್ ಲೈನಲ್ಲಿ ಅದೇ ಹೆಸ್ರಿನ ಮೆಟ್ರೋ ಸ್ಟೇಷನ್ನೂ ಇದೆ. ಚೀನಾ, ಇಂಡಿಯಾ, ಪರ್ಷಿಯಾ, ಈಜಿಪ್ಟ್, ಟುನೀಷಿಯಾ, ಅಂಡಲೂಸಿಯಾ ಅಂತ ಆರು ಕೋರ್ಟ್, ಅಂದ್ರೆ ಮಾಲಿನ ಆರು ಭಾಗ, ಒಂದೊಂದೂ ಒಂದೊಂದು ಥರ. ಚೀನಾ ಕೋರ್ಟಲ್ಲಿ ದೊಡ್ಡ ಹಡಗು, ಇಂಡಿಯಾ ಕೋರ್ಟಲ್ಲಿ ಆನೆ ಮೇಲೆ ಡ್ರ್ಯಾಗನ್ ಇರೋ ಗಡಿಯಾರ. ಆ ಆನೆ ಮುಂದೆ ಒಂದ್ಸಲ ನಿಂತ್ರೆ ಚಿಕ್ಕವ್ರನ್ನ ಎಬ್ಬಿಸ್ಕೊಂಡು ಬರೋದೇ ಕಷ್ಟ, ಮಾವುತ ಎಲ್ಲಿ, ಡ್ರ್ಯಾಗನ್ ಯಾಕೆ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಹೇಳೋಕೆ ಒಂದು ಕಥೆನೂ ಇದೆ: ಈ ಇಬ್ನ್ ಬತೂತ ಅನ್ನೋ ಮೊರೊಕ್ಕೋದವನು 14ನೇ ಶತಮಾನದಲ್ಲಿ ನಮ್ಮ ಹೊನ್ನಾವರ, ಮಂಗಳೂರಿಗೂ ಬಂದಿದ್ದ, ಹೊನ್ನಾವರದಲ್ಲಿ ಹೆಣ್ಮಕ್ಕಳಿಗೇ 13 ಶಾಲೆ, ಗಂಡುಹುಡುಗ್ರಿಗೆ 23 ಶಾಲೆ ನೋಡಿದೆ ಅಂತ ಬರ್ದಿಟ್ಟಿದಾನೆ. ಕರಾವಳಿ ಕಡೆಯವ್ರು ಇದನ್ನ ಮಕ್ಕಳಿಗೆ ಹೇಳ್ದೇ ಇರ್ಬೇಡಿ.

ದುಬೈ ಮಾಲ್‌ಗೇ ಹೋಗ್ತೀವಿ ಅಂದ್ರೆ ಮೊದ್ಲು ಗೊತ್ತಿರ್ಲಿ, ಮೆಟ್ರೋ ಸ್ಟೇಷನ್ನಿಂದ ಮಾಲ್ ಒಳಗಡೆಗೆ ಸುಮಾರು 820 ಮೀಟರ್ ಸೇತುವೆ ಮೇಲೆ ನಡೀಬೇಕು. ಎಸಿ ಇದೆ, ತಾನಾಗೇ ಓಡೋ ಪಟ್ಟಿನೂ ಇದೆ, ಆದ್ರೂ ಮೂರು ವರ್ಷದ ಮಗು ಅರ್ಧದಲ್ಲೇ "ಎತ್ಕೋ" ಅನ್ನತ್ತೆ, ಸ್ಟ್ರೋಲರ್ ಬಿಟ್ಟು ಹೋಗ್ಬೇಡಿ. ಒಳಗಡೆ 1200ಕ್ಕೂ ಜಾಸ್ತಿ ಅಂಗಡಿ, ಅದನ್ನೆಲ್ಲ ಮರ್ತು ಸೀದಾ ಅಕ್ವೇರಿಯಂ ಹತ್ರ ಹೋಗಿ. ಸುರಂಗದೊಳಗೆ ಹೋಗೋಕೆ ಟಿಕೆಟ್ ಬೇಕು, ಹೊರಗಡೆ ಗಾಜಿನ ಮುಂದೆ ನಿಂತು ಎಷ್ಟೊತ್ತು ನೋಡಿದ್ರೂ ಒಂದು ದಿರ್ಹಮ್ ಖರ್ಚಿಲ್ಲ. ಒಂದು ಕೋಟಿ ಲೀಟರ್ ನೀರು, ಶಾರ್ಕು ಮೂಗಿನ ಮುಂದೇ ಹಾಯ್ದು ಹೋಗತ್ತೆ, ತೊರಕೆ ಮೀನು ಹೊಟ್ಟೆ ಒತ್ಕೊಂಡು ಗಾಜಿಗೇ ಅಂಟ್ಕೊಂಡಂಗೆ ಮೇಲೆ ಹತ್ತತ್ತೆ. ಮಾಲ್ ಆಫ್ ದಿ ಎಮಿರೇಟ್ಸ್‌ನ ಸ್ಕೀ ದುಬೈನೂ ಅಷ್ಟೇ, ಮೈನಸ್ ಡಿಗ್ರಿಲಿರೋ ಹಿಮಾನ ಗಾಜಿನಾಚೆಯಿಂದ ಪುಕ್ಕಟೆ ನೋಡ್ಬಹುದು. ಒಳಗೆ ಹೋಗೋ ಟಿಕೆಟ್ ದುಬಾರಿ, ಬರ್ತ್‌ಡೇಗೆ ಇಟ್ಕೊಳ್ಳಿ.

ಮೆಟ್ರೋಲಿ ಐದು ವರ್ಷದೊಳಗಿನವ್ರಿಗೆ ಫ್ರೀ. ಹೆಂಗಸ್ರು-ಮಕ್ಕಳ ಕ್ಯಾಬಿನ್ ಬೇರೆ ಇರತ್ತೆ, ಅಪ್ಪಂದಿರು ಮರ್ತು ಅಲ್ಲಿ ನುಗ್ಗಿದ್ರೆ ದಂಡ. ಟ್ರೈನಲ್ಲಿ ತಿಂದ್ರೂ ಕುಡಿದ್ರೂ 100 ದಿರ್ಹಮ್ ದಂಡ ಇದೆ, ಹಾಗಾಗಿ ಬಿಸ್ಕೆಟ್ಟು ಜ್ಯೂಸು ಎಲ್ಲಾ ಹತ್ತೋ ಮುಂಚೆನೇ ಮುಗಿಸಿ. ಕಾರಲ್ಲಾದ್ರೆ ನಾಲ್ಕು ವರ್ಷದವರೆಗೆ ಚೈಲ್ಡ್ ಸೀಟ್ ಕಡ್ಡಾಯ, ಹತ್ತು ವರ್ಷದೊಳಗಿನವ್ರು ಮುಂದಿನ ಸೀಟಲ್ಲಿ ಕೂರೋ ಹಾಗಿಲ್ಲ. ಪಾರ್ಕಿಂಗ್ ಮಾಡಿದ ತಕ್ಷಣ ಕಂಬದ ನಂಬರ್ ಫೋಟೋ ತಗೊಳ್ಳಿ. ದುಬೈ ಮಾಲಲ್ಲಿ 2024 ಜುಲೈಯಿಂದ ಫ್ಯಾಶನ್, ಗ್ರಾಂಡ್, ಸಿನಿಮಾ ಪಾರ್ಕಿಂಗಿಗೆ ದುಡ್ಡು ಕಟ್ಟಾಗತ್ತೆ, ವಾರದ ದಿನ ಮೊದ್ಲ 4 ಗಂಟೆ, ಶನಿವಾರ-ಭಾನುವಾರ 6 ಗಂಟೆ ಫ್ರೀ. ಮಕ್ಕಳ ಜೊತೆ ಅಷ್ಟೊತ್ತಿಗಿಂತ ಜಾಸ್ತಿ ಇರ್ಲೂಬಾರ್ದು ಬಿಡಿ.

ಕಳೆದುಹೋಗೋ ವಿಷ್ಯ ಸ್ವಲ್ಪ ಸೀರಿಯಸ್. ಮನೆ ಬಿಡೋ ಮುಂಚೆ ಬಾಗ್ಲಲ್ಲೇ ಮಕ್ಕಳದ್ದೊಂದು ಫೋಟೋ ತೆಗೀರಿ, ಅವತ್ತು ಹಾಕಿರೋ ಬಟ್ಟೆ ಬಣ್ಣ ಗಾಬರೀಲಿ ನೆನಪಾಗಲ್ಲ. ಒಳಗೈ ಮೇಲೆ ಪೆನ್ನಲ್ಲಿ ನಿಮ್ಮ ಇಲ್ಲಿನ ನಂಬರ್ ಬರೀರಿ, ಯುಎಇ ಕೋಡ್ 971 ಸೇರಿಸಿ. "ಅಮ್ಮ ಕಾಣ್ಲಿಲ್ಲ ಅಂದ್ರೆ ಹುಡುಕ್ಕೊಂಡು ಓಡ್ಬೇಡ ಪುಟ್ಟ, ಹತ್ರದ ಅಂಗಡಿ ಕೌಂಟರಿಗೆ ಹೋಗಿ ಅಲ್ಲೇ ನಿಂತ್ಕೋ" ಅಂತ ಹೇಳ್ಕೊಟ್ಟಿರಿ. ನೀವು ಸೆಕ್ಯೂರಿಟಿಯವ್ರಿಗೆ ತಕ್ಷಣ ಹೇಳಿ, ಅಂಗಡಿ ಅಂಗಡಿ ಸುತ್ತಿ ಟೈಮ್ ಹಾಳ್ ಮಾಡ್ಬೇಡಿ. ಪೊಲೀಸ್ ನಂಬರ್ 999.

ಇನ್ನೊಂದು, ಮಕ್ಕಳ ಫೋಟೋ ತೆಗೆಯುವಾಗ ಹಿಂದೆ ಬೇರೆ ಫ್ಯಾಮಿಲಿ ಬೀಳದಂಗೆ ನೋಡ್ಕೊಳ್ಳಿ, ಒಪ್ಪಿಗೆ ಇಲ್ದೇ ಬೇರೆಯವ್ರ ಫೋಟೋ ತೆಗೆಯೋದು ಇಲ್ಲಿ ಕಾನೂನು ಪ್ರಕಾರ ತಪ್ಪು. ಸ್ವೆಟರ್ ಮರೀಬೇಡಿ, ಹೊರಗೆ ಕಾದ ಹೆಂಚು ಒಳಗೆ ನಡುಕ, ಮರುದಿನ ನೆಗಡಿ ಗ್ಯಾರಂಟಿ.

ಊಟಕ್ಕೆ ನನ್ನ ಲೆಕ್ಕ ಸಿಂಪಲ್ಲು. ವಾರದ ದಿನ ಬೆಳಗ್ಗೆ ಬಾಗ್ಲು ತೆಗೆಯೋ ಹೊತ್ತಿಗೆ ಹೋಗಿ, ಒಂದೂವರೆ ಅಷ್ಟೊತ್ತಿಗೆ ಹೊರಗ್ಬಂದು ಕರಾಮಾ ಕಡೆ ಯಾವುದಾದ್ರೂ ಉಡುಪಿ ಹೋಟೆಲಲ್ಲಿ ಊಟ ಮಾಡ್ಕೊಂಡು ಮನೆಗೆ. ಫುಡ್‌ಕೋರ್ಟಲ್ಲಿ ಒಂದು ಚಿಕ್ಕ ಫ್ರೈಸಿಗೆ ಕೊಡೋ ದುಡ್ಡಲ್ಲಿ ಅಲ್ಲಿ ಮಸಾಲೆದೋಸೆ ಬರತ್ತೆ, ಮಕ್ಕಳು ಕಾರಲ್ಲೇ ನಿದ್ದೆನೂ ಮಾಡ್ತವೆ. ಶುಕ್ರವಾರ ಸಂಜೆ ಮಾತ್ರ ಮಾಲ್ ಕಡೆ ತಲೆನೂ ಹಾಕ್ಬೇಡಿ.