ಸ್ಕಾಟಿಷ್ ಸೈನಿಕನ ಮದುವೆಗೆ ಕರೆ ಬಂದರೆ

ಸ್ಕಾಟ್ಲೆಂಡಿನಲ್ಲಿ ನೆಲೆಸಿದ ಮೇಲೆ ಇಂದಲ್ಲ ನಾಳೆ ಕಚೇರಿಯ ಗೆಳೆಯರೋ ಪಕ್ಕದ ಮನೆಯವರೋ ನಿಮ್ಮನ್ನು ಮದುವೆಗೆ ಕರೆಯುತ್ತಾರೆ. ವಧೂವರರಲ್ಲಿ ಒಬ್ಬರು ಸೈನ್ಯದಲ್ಲಿದ್ದರೆ ಗಂಡಸರು ಉಡುವ ನೆರಿಗೆಯ ಲಂಗದಂಥ ಕಿಲ್ಟ್ ಮತ್ತು ಬ್ಯಾಗ್‌ಪೈಪಿನ ಜೊತೆಗೆ ಕತ್ತಿ, ಪದಕ, ಸಮವಸ್ತ್ರಗಳೂ ಸೇರಿಕೊಳ್ಳುತ್ತವೆ. ಹೊಸದಾಗಿ ಬಂದ ನಮ್ಮವರು ಇದನ್ನು ಛತ್ರದ ಮದುವೆ ಎಂದುಕೊಳ್ಳುತ್ತಾರೆ. ಮುಹೂರ್ತಕ್ಕೆ ಮುಖ ತೋರಿಸಿ, ಉಡುಗೊರೆ ಕೊಟ್ಟು, ಊಟ ಮುಗಿಸಿ ಹೊರಟರಾಯಿತು ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಅತಿಥಿಗಳು ಕಡಿಮೆ, ಪ್ರತಿಯೊಬ್ಬರಿಗೂ ಗೊತ್ತುಮಾಡಿದ ಕುರ್ಚಿಯಿದೆ, ರಾತ್ರಿ ಕುಣಿಯುವ ಕೆಲಸವೂ ಇದೆ.

ಮೊದಲು ಕರೆಯೋಲೆಯನ್ನು ಎರಡು ಸಲ ಓದಿ. ಕೆಲವರಿಗೆ ಇಡೀ ದಿನದ ಕರೆ, ಕೆಲವರಿಗೆ ಸಂಜೆಯ ಕುಣಿತ ಮತ್ತು ಲಘು ಊಟಕ್ಕೆ ಮಾತ್ರ. ಸಂಜೆಯ ಕರೆ ಬಂದರೆ ಅವಮಾನ ಎಂದುಕೊಳ್ಳಬೇಡಿ, ಅದು ಇಲ್ಲಿನ ರೂಢಿ. ಓಲೆಯಲ್ಲಿ ಯಾರ ಹೆಸರಿದೆಯೋ ಅವರಿಗಷ್ಟೇ ಆಹ್ವಾನ. ಬೇಸಿಗೆಗೆಂದು ಬಂದಿರುವ ಅತ್ತೆ ಮಾವನನ್ನಾಗಲಿ, ಹೆಸರಿಲ್ಲದ ಮಕ್ಕಳನ್ನಾಗಲಿ ಕರೆದುಕೊಂಡು ಹೋಗುವಂತಿಲ್ಲ. ಹೋಗುತ್ತೀರೋ ಇಲ್ಲವೋ ಎಂಬುದನ್ನು ಕೇಳಿದ ದಿನಾಂಕದೊಳಗೆ ಬರೆದು ತಿಳಿಸಿ.

ಆ ಉತ್ತರದಲ್ಲೇ ಊಟದ ವಿಚಾರವನ್ನೂ ಬಿಡಿಸಿ ಬರೆಯಿರಿ. ಸಸ್ಯಾಹಾರಿ ಎಂದಷ್ಟೇ ಬರೆದರೆ ಸಾಲದು, ಮೀನು, ಮೊಟ್ಟೆ, ಜೆಲಟಿನ್ ಬೇಡವಾದರೆ ಅದನ್ನೂ ಹೇಳಿ. ಹ್ಯಾಗಿಸ್ ಕುರಿಯ ಅಂಗಾಂಗಗಳಿಂದ ಮಾಡುವ ತಿನಿಸು. ಅದರ ಸಸ್ಯಾಹಾರಿ ರೂಪವೂ ಇಲ್ಲಿ ಸುಲಭವಾಗಿ ಸಿಗುತ್ತದೆ, ಮೆಣಸಿನ ಖಾರದಿಂದಾಗಿ ನಮ್ಮ ನಾಲಿಗೆಗೆ ಹಿಡಿಸುತ್ತದೆ ಕೂಡ. ಕ್ರನಾಖನ್ ಎಂಬ ಸಿಹಿಯಲ್ಲಿ ಓಟ್ಸ್, ಕೆನೆ, ರಾಸ್ಪ್‌ಬೆರಿಯ ಜೊತೆ ವಿಸ್ಕಿ ಇರುತ್ತದೆ. ತಡರಾತ್ರಿ ಬಡಿಸುವ ಸ್ಟೋವೀಸ್ ನೋಡಲು ಆಲೂಗಡ್ಡೆ ಪಲ್ಯದಂತಿದ್ದರೂ ಸಾಮಾನ್ಯವಾಗಿ ದನದ ಮಾಂಸ ಅಥವಾ ಅದರ ಕೊಬ್ಬಿನಲ್ಲಿ ಬೇಯಿಸಿದ್ದು. ಹಸಿವಿನ ಭರದಲ್ಲಿ ತಟ್ಟೆ ತುಂಬಿಸಿಕೊಳ್ಳುವ ಮುನ್ನ ಕೇಳಿ.

ಸಮಯದ ವಿಚಾರದಲ್ಲಿ ಸೈನ್ಯದವರು ಕರುಣೆ ತೋರಿಸುವುದಿಲ್ಲ. ಅರ್ಧ ಗಂಟೆ ಮೊದಲೇ ತಲುಪಿ. ಮದುವೆ ಚರ್ಚಿನಲ್ಲೇ ಆಗಬೇಕೆಂದಿಲ್ಲ. ಇಲ್ಲಿ 1977ರ ವಿವಾಹ ಕಾಯ್ದೆಯಲ್ಲಿ ಮದುವೆ ಮಾಡಿಸುವವರ ಅರ್ಹತೆಗೇ ಹೆಚ್ಚು ಮಹತ್ವ, ಹಾಗಾಗಿ ಬೆಟ್ಟದ ತಪ್ಪಲು, ಕೆರೆಯ ದಂಡೆ, ಹಳೆಯ ಕೋಟೆ ಯಾವುದೂ ಆಗುತ್ತದೆ. 2005ರಿಂದ ಧರ್ಮದ ಹಂಗಿಲ್ಲದ ಮಾನವತಾವಾದಿ ವಿಧಿಯ ಮದುವೆಗೂ ಕಾನೂನಿನ ಮಾನ್ಯತೆ ಇದೆ. ಎಡಿನ್‌ಬರೋ ಕೋಟೆಯೊಳಗಿನ 12ನೆಯ ಶತಮಾನದ ಸೇಂಟ್ ಮಾರ್ಗರೆಟ್ ಚಾಪೆಲಿಗೆ ಕರೆ ಬಂದರೆ ನಿಮ್ಮನ್ನು ತೀರಾ ಹತ್ತಿರದವರೆಂದು ಎಣಿಸಿದ್ದಾರೆ ಎಂದು ತಿಳಿಯಿರಿ. ಅದರೊಳಗೆ ಹಿಡಿಯುವುದೇ ಸುಮಾರು 25 ಜನ. ವಿಧಿಯ ನಡುವೆ ದಂಪತಿ ಎರಡು ಹಿಡಿಯ ಬಟ್ಟಲಾದ ಕ್ವೇಖ್‌ನಿಂದ ವಿಸ್ಕಿಯನ್ನು ಹಂಚಿಕೊಂಡು ಕುಡಿಯಬಹುದು, ಕೈಗಳಿಗೆ ಟಾರ್ಟನ್ ಎಂಬ ಬಣ್ಣಬಣ್ಣದ ಚೌಕಳಿ ಬಟ್ಟೆಯ ಪಟ್ಟಿ ಕಟ್ಟಬಹುದು. ಕೊನೆಗೆ ದಂಪತಿ, ಇಬ್ಬರು ಸಾಕ್ಷಿಗಳು, ಮದುವೆ ಮಾಡಿಸಿದವರು ದಾಖಲೆಗೆ ಸಹಿ ಹಾಕುತ್ತಾರೆ.

ಹೊರಗೆ ಬಂದಾಗ ಸಹೋದ್ಯೋಗಿ ಸೈನಿಕರು ಎರಡು ಸಾಲಾಗಿ ನಿಂತು ಕತ್ತಿಗಳನ್ನು ಮೇಲೆತ್ತಿ ಕಮಾನು ಕಟ್ಟುತ್ತಾರೆ. ಅದರಡಿಯಲ್ಲಿ ನಡೆಯುವವರು ದಂಪತಿ ಮಾತ್ರ. ಒಳ್ಳೆಯ ಫೋಟೊದ ಆಸೆಗೆ ಸಾಲಿನ ನಡುವೆ ನುಗ್ಗಬೇಡಿ, ಕತ್ತಿಗಳು ನಿಜವಾದವು. ಅಕ್ಷತೆ ಒಯ್ದಿದ್ದರೆ ಎರಚುವ ಮುನ್ನ ಅಲ್ಲಿಯ ವ್ಯವಸ್ಥಾಪಕರನ್ನು ಕೇಳಿ, ಕೆಲವು ಕಡೆ ಅಕ್ಕಿಗೆ ಅನುಮತಿ ಇಲ್ಲ. ಕೇಕನ್ನೂ ಕತ್ತಿಯಿಂದಲೇ ಕತ್ತರಿಸುತ್ತಾರೆ. ಬಾಳೆದಿಂಡನ್ನು ಒಡಿಕತ್ತಿಯಿಂದ ಕಡಿದು ಮದುವೆ ನಡೆಸುವ ಕೊಡಗಿನವರಿಗೆ ಇದೆಲ್ಲ ತವರಿನ ವಾತಾವರಣದಂತೆ ಕಾಣುತ್ತದೆ. ಬಯಲುಸೀಮೆಯವರಿಗೆ ಸ್ವಲ್ಪ ಗಾಬರಿಯಾಗಬಹುದು.

ಕಿಲ್ಟ್ ಹಾಕಬೇಕೇ? ಹಾಕಿ, ಯಾರೂ ತಪ್ಪು ತಿಳಿಯುವುದಿಲ್ಲ. ಇದು ಸುಮಾರು ಎಂಟು ಗಜದ ಉಣ್ಣೆಯ ಬಟ್ಟೆ, ನೆರಿಗೆ ಹಿಂದಕ್ಕೆ, ಅಂಚು ಮಂಡಿಯ ಮಧ್ಯಕ್ಕೆ. ಕೊಳ್ಳಲು ದುಬಾರಿ, ಆದ್ದರಿಂದ ಬಾಡಿಗೆ ಅಂಗಡಿಯೇ ಸರಿ. ಬೇಸಿಗೆಯ ಶನಿವಾರಗಳಿಗೆ ಮುಂಚಿತವಾಗಿ ಕಾದಿರಿಸಿ. ಮನೆತನದ ಟಾರ್ಟನ್ ಇಲ್ಲವೆಂಬ ಚಿಂತೆ ಬೇಡ, ಯಾರು ಬೇಕಾದರೂ ತೊಡಬಹುದಾದ ವಿನ್ಯಾಸಗಳು ಬೇಕಾದಷ್ಟಿವೆ. ರಾಜಮನೆತನಕ್ಕೆ ಮೀಸಲಾದ ಬ್ಯಾಲ್ಮೊರಲ್ ಅವುಗಳಲ್ಲಿ ಸೇರಿಲ್ಲ. ಕಾಲುಚೀಲಕ್ಕೆ ಸಿಕ್ಕಿಸುವ ಸ್ಕೀಅನ್ ಡೂ ಎಂಬ ಪುಟ್ಟ ಚೂರಿಗೆ ರಾಷ್ಟ್ರೀಯ ಉಡುಗೆಯ ಭಾಗವೆಂದು ಕಾನೂನಿನಲ್ಲಿ ವಿನಾಯಿತಿ ಇದೆ. ಆದರೆ ವಿಮಾನದ ಕೈಚೀಲದಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಪದಕಗಳ ತಂಟೆಗೆ ಹೋಗಬೇಡಿ. ನಿಮ್ಮದಲ್ಲದ ಪದಕ, ಅಲಂಕಾರಕ್ಕೆ ಕೊಂಡ ಪದಕ ಇವು ಸೈನಿಕರ ಕಣ್ಣಿಗೆ ತಕ್ಷಣ ಬೀಳುತ್ತವೆ, ಅಲ್ಲಿಗೆ ನಿಮ್ಮ ಮರ್ಯಾದೆ ಹೋಯಿತು.

ರೇಷ್ಮೆ ಸೀರೆಗೆ ಎಲ್ಲೆಡೆ ಸ್ವಾಗತವಿದೆ. ಬಿಳಿ ಅಥವಾ ಕೆನೆಬಣ್ಣದ್ದನ್ನು ಬಿಟ್ಟುಬಿಡಿ, ಅದು ವಧುವಿನ ಬಣ್ಣ. ಮೈಸೂರು ಸಿಲ್ಕ್‌ನ ಮೇಲೆ ದಪ್ಪ ಶಾಲೊಂದಿರಲಿ. ಇಲ್ಲಿನ ಜುಲೈ ತಿಂಗಳನ್ನು ನಂಬಿ ಹೊರಟವರು ಫೋಟೊಗಳಲ್ಲೆಲ್ಲ ನಡುಗುತ್ತಿರುತ್ತಾರೆ.

ದಂಪತಿಯನ್ನು ಊಟದ ಸಭಾಂಗಣಕ್ಕೆ ಪೈಪ್ ನುಡಿಸುತ್ತಾ ಕರೆತರುವಾಗ ಎದ್ದು ನಿಂತು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿ. ಆಮೇಲೆ ಭಾಷಣಗಳು. ವರನ ಗೆಳೆಯ ಅವನ ಮಾನ ಹರಾಜು ಹಾಕುತ್ತಾನೆ, ಗಂಭೀರವಾಗಿ ತೆಗೆದುಕೊಳ್ಳಬೇಡಿ. ರಾಜನ ಹೆಸರಿನಲ್ಲಿ ಲೋಟ ಎತ್ತಿದರೆ ಎಲ್ಲರ ಜೊತೆ ಎದ್ದು ನಿಲ್ಲಿ. ಮದ್ಯ ಮುಟ್ಟದವರು ಹಣ್ಣಿನ ರಸ ಹಿಡಿದರೂ ಆಯಿತು. ನೀವು ಮೈಸೂರಿನ ಕಡೆಯವರೆಂದು ತಿಳಿದರೆ ಮೇಜಿನ ಯಾರಾದರೂ ನಿವೃತ್ತ ಅಧಿಕಾರಿ ‘ಸೆರಿಂಗಾಪಟಂ’ ಎಂದು ಕಣ್ಣರಳಿಸಬಹುದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಮೇಲೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು, ಅದೇ ಊರಿನಲ್ಲಿ ಹಿಂದೆ ಸೆರೆಯಾಳಾಗಿದ್ದವನು. ಆ ಯುದ್ಧದಲ್ಲಿ ಸ್ಕಾಟ್ಲೆಂಡಿನ ಗುಡ್ಡನಾಡಿನ ಹೈಲ್ಯಾಂಡರ್ ಪಡೆಗಳೂ ಇದ್ದವು. ನಮ್ಮ ಕಡೆಯ ಕಥೆಯನ್ನೂ ಹೇಳಿ, ಆಸಕ್ತಿಯಿಂದ ಕೇಳುತ್ತಾರೆ. ಟಿಪ್ಪುವಿನ ಬಗ್ಗೆ ನಮ್ಮನಮ್ಮಲ್ಲೇ ಇರುವ ಜಗಳವನ್ನು ಮಾತ್ರ ಅವರ ಮದುವೆಯ ಮೇಜಿನ ಮೇಲೆ ಬಿಚ್ಚಬೇಡಿ.

ನನ್ನ ಪ್ರಕಾರ ಮದುವೆಯ ನಿಜವಾದ ಭಾಗ ಕೇಲಿ, ಅಂದರೆ ರಾತ್ರಿಯ ಸಾಮೂಹಿಕ ಕುಣಿತ. ಮೂಲೆಯ ಕುರ್ಚಿ ಹಿಡಿದು ಮೊಬೈಲ್ ನೋಡುವುದಕ್ಕೆ ಇಲ್ಲಿ ಬಿಡುವುದಿಲ್ಲ, ಯಾರೋ ಅಜ್ಜಿ ಬಂದು ಕೈಹಿಡಿದು ಎಳೆಯುತ್ತಾರೆ. ಹೆಜ್ಜೆ ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ, ಒಬ್ಬರು ಕೂಗಿ ಹೇಳಿಕೊಡುತ್ತಾರೆ. ಗೇ ಗಾರ್ಡನ್ಸ್ ಕುಣಿತಕ್ಕೆ ಗಾರ್ಡನ್ ಹೈಲ್ಯಾಂಡರ್ಸ್ ಪಡೆಯ ಹೆಸರು. ಡ್ಯಾಶಿಂಗ್ ವೈಟ್ ಸಾರ್ಜೆಂಟ್‌ನಲ್ಲಿ ಮೂವರಿಗೆ ಮೂವರು ಎದುರಾಗುವುದರಿಂದ ಜೋಡಿಯಿಲ್ಲದೆ ಬಂದವರಿಗೂ ಜಾಗವಿದೆ. ಸೈನಿಕರ ಮದುವೆಯಲ್ಲಿ 51ನೆಯ ಡಿವಿಷನ್ನಿನ ರೀಲ್ ಎಂಬ ಕುಣಿತವೂ ಬರಬಹುದು. 1940ರ ಜೂನ್‌ನಲ್ಲಿ ಫ್ರಾನ್ಸಿನ ಸೇಂಟ್ ವಾಲೆರಿಯಲ್ಲಿ ಈ ಹೈಲ್ಯಾಂಡ್ ಡಿವಿಷನ್ ಜರ್ಮನ್ನರಿಗೆ ಶರಣಾಯಿತು. ಬವೇರಿಯದ ಲಾಫೆನ್ ಶಿಬಿರದಲ್ಲಿ ಬಂಧಿಯಾಗಿದ್ದ ಅಧಿಕಾರಿಗಳು ಈ ಕುಣಿತವನ್ನು ಕಟ್ಟಿದರು. ಅದರ ನಡುವೆ ಕುಣಿಯುವವರು ಕೈಚಾಚಿ ಸ್ಕಾಟ್ಲೆಂಡಿನ ಧ್ವಜದ ಓರೆ ಶಿಲುಬೆಯ ಆಕಾರ ಮೂಡಿಸುತ್ತಾರೆ. ಹೆಜ್ಜೆಗಳು ಸ್ವಲ್ಪ ಕಷ್ಟ, ಮೊದಲ ಸಲ ನೋಡುತ್ತಾ ನಿಂತರೆ ಯಾರೂ ಆಕ್ಷೇಪಿಸುವುದಿಲ್ಲ. ಸ್ಟ್ರಿಪ್ ದ ವಿಲೋ ಎಂಬ ಕುಣಿತ ಶುರುವಾಗುವ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಗೆ ಪಿನ್ ಹಾಕಿ, ಉದ್ದನೆಯ ಹಾರವನ್ನು ಕೈಚೀಲದಲ್ಲಿಟ್ಟು, ಹಿಮ್ಮಡಿಯಿಲ್ಲದ ಚಪ್ಪಲಿ ಹಾಕಿಕೊಳ್ಳಿ. ಕೈಯಿಂದ ಕೈಗೆ ಸಿಕ್ಕಿ ಬುಗುರಿಯ ಹಾಗೆ ತಿರುಗಬೇಕಾಗುತ್ತದೆ.

ಉಡುಗೊರೆಗೆ ದಂಪತಿ ಪಟ್ಟಿ ಕೊಟ್ಟಿದ್ದರೆ ಅದರಿಂದಲೇ ಆರಿಸಿ. ಹಣವನ್ನೇ ಬಯಸಿದ್ದರೆ ಶುಭಾಶಯ ಪತ್ರದೊಳಗೆ ಇಟ್ಟು ಕೊಡಿ. 51 ಪೌಂಡ್ ಇಟ್ಟು ಕೊನೆಯ ಒಂದರ ಕಾರಣವನ್ನೂ ಬರೆದರೆ ಖುಷಿಪಡುತ್ತಾರೆ. ಊರಾಚೆಯ ಕೋಟೆಗಳಿಂದ ನಡುರಾತ್ರಿ ವಾಹನ ಸಿಗುವುದಿಲ್ಲ. ಟ್ಯಾಕ್ಸಿಯನ್ನು ಅಥವಾ ಅಲ್ಲೇ ತಂಗಲು ಕೋಣೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬಾಡಿಗೆಯ ಕಿಲ್ಟನ್ನು ಹಿಂದಿರುಗಿಸುವ ಮುನ್ನ ಸೊಂಟದ ಚೀಲ ಸ್ಪೊರನ್ ತೆರೆದು ನೋಡಿ, ಮನೆಯ ಬೀಗದ ಕೈ ಅದರಲ್ಲೇ ಇರುತ್ತದೆ.